ಬಾಡಿಗೆ ಕೇಳಿದರೆ "ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ" ಅನ್ನುತ್ತಾರೆ, ಮನೆ ಖಾಲಿ ಮಾಡಿಸುವುದು ಹೇಗೆ?

ಮೇಲ್ಮನೆ_ತಲೆನೋವು:
ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಕೆಳಗೆ ಅಮ್ಮ ಒಬ್ಬರೇ ಇದ್ದಾರೆ, ನಾನಿರುವುದು ಬೆಂಗಳೂರಿನಲ್ಲಿ. ಮೇಲಿನ ಮನೆಗೆ ಬಾಡಿಗೆ 14,000, ಅಡ್ವಾನ್ಸ್ 1 ಲಕ್ಷ. 11 ತಿಂಗಳ ಅಗ್ರಿಮೆಂಟ್ ಯಾವಾಗಲೋ ಮುಗಿದಿದೆ, ಹೊಸದು ಮಾಡಿಲ್ಲ. ಈಗ 3 ತಿಂಗಳ ಬಾಡಿಗೆ ಬಾಕಿ. ಅಮ್ಮ ಕೇಳಿದರೆ "ಆಂಟಿ, ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ" ಅಂತ ನಗುತ್ತಲೇ ಗಾಡಿ ಸ್ಟಾರ್ಟ್ ಮಾಡುತ್ತಾರೆ. ವಾಷಿಂಗ್ ಮೆಷಿನ್ ಪೈಪನ್ನು ಬಾಲ್ಕನಿಗೆ ಬಿಟ್ಟಿದ್ದಾರೆ, ನೀರು ಇಳಿದು ಇಳಿದು ಕೆಳಗೆ ದೇವರ ಮನೆ ಸೀಲಿಂಗ್ ಪೂರ್ತಿ ಒದ್ದೆ, ಸುಣ್ಣ ಉದುರಿ ಕುಂಕುಮದ ಬಟ್ಟಲಿಗೇ ಬೀಳುತ್ತಿದೆ. ಹೇಳಿದರೆ "ನಿಮ್ಮ ಮನೆ ಹಳೇದು" ಅಂತ ಉತ್ತರ. ಇತ್ತ ಬ್ರೋಕರ್ ಒಳ್ಳೆ ಪಾರ್ಟಿ ತಂದಿದ್ದಾರೆ, ಬ್ಯಾಂಕ್ ಕೆಲಸದವರು, ಟೋಕನ್ ಕೊಡಲು ರೆಡಿ. ತಗೊಳ್ಳಲಾ? ನಮ್ಮ ಮಾವ ಬೇರೆ "ನೀರು ನಿಲ್ಲಿಸು, ತಾನೇ ಓಡುತ್ತಾನೆ" ಅನ್ನುತ್ತಿದ್ದಾರೆ.

ಕೋರ್ಟ್_ಬೀದಿ:
ಮಾವನ ಮಾತು ಕೇಳಬೇಡಿ. ನೀರು ನಿಲ್ಲಿಸುವುದು, ಬೀಗ ಬದಲಾಯಿಸುವುದು ಮಾಡಿದರೆ ಕೇಸು ನಿಮ್ಮ ಮೇಲೇ ತಿರುಗುತ್ತದೆ. ಕಾನೂನು ಬಿಟ್ಟು ಹೊರಗೆ ಹಾಕಿದರೆ ಅವರು 6 ತಿಂಗಳೊಳಗೆ ದಾವೆ ಹೂಡಿ ಮತ್ತೆ ಅದೇ ಮನೆಗೆ ಬಂದು ಕೂರಬಹುದು, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇರುವುದೇ ಅದಕ್ಕೆ.

ಬಾಡಿಗೆ ತಿಂಗಳಿಗೆ 3,500ಕ್ಕಿಂತ ಜಾಸ್ತಿ ಇದ್ದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ನಿಮ್ಮ ಮನೆಗೆ ಅನ್ವಯಿಸುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ ನೋಡಬೇಕು. ಅಗ್ರಿಮೆಂಟ್ ಮುಗಿದ ಮೇಲೂ ಬಾಡಿಗೆ ತಗೊಂಡು ಇರಲು ಬಿಟ್ಟಿದ್ದರೆ ಅದು ತಿಂಗಳ ಬಾಡಿಗೆಯ ಲೆಕ್ಕ, 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಸಾಕು. ವಕೀಲರ ಕೈಲಿ ಬರೆಸಿ, ತಲುಪಿದ್ದಕ್ಕೆ ರಸೀದಿ ಬರುವ ಹಾಗೆ ಅಂಚೆಯಲ್ಲಿ ಕಳಿಸಿ. ವಾಟ್ಸಾಪ್ ಮೆಸೇಜನ್ನೇ ನಂಬಿಕೊಂಡು ಕೂರಬೇಡಿ.

ಸರಸ್ವತಿಪುರಂ_ಅಕ್ಕ:
ನೋಟಿಸ್ ಸರಿ, ಆದರೆ ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆಯುತ್ತದೆ. ಸ್ವಲ್ಪ ಲೆಕ್ಕ ಹಾಕಿ ತಮ್ಮಾ. ಬಾಕಿ 42,000 ಕಳೆದರೆ ನಿಮ್ಮ ಕೈಲಿ ಅವರ ದುಡ್ಡು 58,000 ಇದೆ. ಇನ್ನು 4 ತಿಂಗಳು ಸುಮ್ನೆ ಬಿಟ್ಟರೆ ಉಳಿಯುವುದು ಬರೀ 2,000. ಆಮೇಲೆ ಅವರು ಯಾಕೆ ಮನೆ ಬಿಡುತ್ತಾರೆ ಹೇಳಿ? ಈಗಲೇ ಕೂರಿಸಿ ಮಾತಾಡಿ. "ಇಂಥ ದಿನ ಬೀಗದ ಕೈ ಕೊಡಿ, ಪೇಂಟಿಂಗ್ ದುಡ್ಡೂ ಹಿಡಿಯುವುದಿಲ್ಲ, ಉಳಿದದ್ದು ಅವತ್ತೇ ಅಕೌಂಟಿಗೆ ಹಾಕುತ್ತೇನೆ" ಅನ್ನಿ. ಸೀಲಿಂಗ್ ರಿಪೇರಿ ಖರ್ಚು ಬಿಟ್ಟುಕೊಡಲು ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಅದೇ ಅಗ್ಗ. ಫೋಟೋ ಮಾತ್ರ ತೆಗೆದಿಟ್ಟುಕೊಳ್ಳಿ, ಮಾತು ಮುರಿದರೆ ಬೇಕಾಗುತ್ತದೆ.

ಟೋಕನ್ ಖಂಡಿತ ಬೇಡ. ಬೀಗದ ಕೈ ಬರುವ ಮುಂಚೆ ದುಡ್ಡು ಹಿಡಿದರೆ ಎರಡು ಪಾರ್ಟಿ ಜೊತೆ ಜಗಳ. ಮತ್ತೆ ಹೊಸಬರ ಬಗ್ಗೆ ವಿಚಾರಿಸುವಾಗ ಈಗಿನ ಓನರನ್ನು ಕೇಳಬೇಡಿ, ಪೀಡೆ ತೊಲಗಲಿ ಅಂತ ಅವರೂ ಹೊಗಳಬಹುದು ಅಲ್ವಾ! ಅದಕ್ಕೂ ಹಿಂದಿನ ಮನೆಯವರನ್ನು ಕೇಳಿ.

ಇನ್ನೊಂದು, ಗೃಹಜ್ಯೋತಿಗೆ ಆ ಮೀಟರಿನ ಆರ್‌ಆರ್ ನಂಬರ್ ಜೊತೆ ಈಗಿನ ಬಾಡಿಗೆಯವರ ಆಧಾರ್ ಜೋಡಿಸಿರಬಹುದು. ಸೇವಾ ಸಿಂಧುವಿನಲ್ಲಿ ಅದನ್ನು ಡಿ-ಲಿಂಕ್ ಮಾಡಿಸಿದ ಮೇಲೆ ಅಡ್ವಾನ್ಸ್‌ನಲ್ಲಿ ಉಳಿದ ದುಡ್ಡು ಹಾಕಿ.

ಮೇಲ್ಮನೆ_ತಲೆನೋವು:
ಥ್ಯಾಂಕ್ಸ್ ಅಕ್ಕ. ಬ್ರೋಕರ್‌ಗೆ ಕಾಯಲು ಹೇಳಿದೆ, ಮುಖ ಊದಿಸಿಕೊಂಡರು. ಒಂದು ಡೌಟು. ನೋಟಿಸ್ ಅವಧಿ ಮುಗಿದ ಮೇಲೆ ಅವರು ಅಮ್ಮನ ಫೋನ್‌ಪೇಗೆ ಒಂದು ತಿಂಗಳ ಬಾಡಿಗೆ ಹಾಕಿಬಿಟ್ಟರೆ?

ಕೋರ್ಟ್_ಬೀದಿ:
ಒಳ್ಳೆ ಪ್ರಶ್ನೆ, ಎಷ್ಟೋ ಜನ ಜಾರುವುದೇ ಅಲ್ಲಿ. ಅವಧಿ ಮುಗಿದ ನಂತರದ ದಿನಗಳಿಗೆ ಬಾಡಿಗೆ ಅಂತ ತಗೊಂಡರೆ ನೋಟಿಸನ್ನು ನೀವೇ ಬಿಟ್ಟುಕೊಟ್ಟಿರಿ ಅಂತ ಅವರ ವಕೀಲರು ವಾದಿಸಬಹುದು, ಅದೇ ಆಸ್ತಿ ವರ್ಗಾವಣೆ ಕಾಯ್ದೆಯ 113ನೇ ಸೆಕ್ಷನ್ ನೋಡಿ. ಹಳೇ ಬಾಕಿಗೆ ಕೊಟ್ಟರೆ ಪರವಾಗಿಲ್ಲ. ದುಡ್ಡು ಬಿದ್ದ ದಿನವೇ ವಕೀಲರಿಗೆ ತಿಳಿಸಿ, "ಇದನ್ನು ಹಳೇ ಬಾಕಿಗೆ ಜಮಾ ಮಾಡಿದ್ದೇವೆ, ನೋಟಿಸ್ ಹಾಗೇ ಇದೆ" ಅಂತ ಬರಹದಲ್ಲಿ ಉತ್ತರ ಕಳಿಸಿ. ಅಮ್ಮನಿಗೂ ಹೇಳಿಡಿ, ಅವರು ಪಾಪ "ಬಂತಪ್ಪ, ಥ್ಯಾಂಕ್ಸ್" ಅಂತ ಮೆಸೇಜ್ ಹಾಕಿಬಿಟ್ಟಾರು.