ಲ್ಯಾಬಿನ 30 ಪಿಸಿ ಜೋಡಿಸಿದರೆ ಕ್ಲೌಡ್ ಆಗುತ್ತಾ?

ಪ್ರಶ್ನೆ (ಬಿಸಿಎ ವಿದ್ಯಾರ್ಥಿ, ಕಲಬುರಗಿ):
ನಮಸ್ಕಾರ ಸರ್. ಪ್ರಾಜೆಕ್ಟ್‌ಗೆ ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಯ ತ್ರೀಡಿ ವಿಡಿಯೊ ಮಾಡುತ್ತಿದ್ದೇವೆ. 3 ನಿಮಿಷದ್ದು, ಸೆಕೆಂಡಿಗೆ 24 ಫ್ರೇಮ್. ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಒಂದು ಫ್ರೇಮ್ ರೆಂಡರ್ ಆಗಲು, ಅಂದರೆ ಪೂರ್ತಿ ಚಿತ್ರವಾಗಿ ಬರಲು, 5 ನಿಮಿಷ ಹಿಡಿಯುತ್ತದೆ. ಲ್ಯಾಬಿನಲ್ಲಿ 30 ಪಿಸಿ ರಾತ್ರಿಯೆಲ್ಲ ಸುಮ್ನೆ ಕೂತಿರುತ್ತವೆ. ಜೋಡಿಸಿದರೆ ಅದು ಕ್ಲೌಡಾ, ಗ್ರಿಡ್ಡಾ? ನೋಟ್ಸ್ ಓದಿದರೆ ಎರಡೂ ಒಂದೇ ಅನ್ನಿಸುತ್ತದೆ.

ಉತ್ತರ (ಸಿಸ್ಟಂ ಅಡ್ಮಿನ್, ಊರು ಆಳಂದ):
ಕ್ಲೌಡ್ ಅಂತೂ ಅಲ್ಲ. ನಿಜ ಹೇಳಬೇಕೆಂದರೆ ಪೂರ್ತಿ ಗ್ರಿಡ್ಡೂ ಅಲ್ಲ. ಒಂದೇ ಕಾಲೇಜು, ಒಂದೇ ನೆಟ್‌ವರ್ಕ್ ಆದರೆ ಅದು ಕ್ಲಸ್ಟರ್. ಬೀದರಿನ ಕಾಲೇಜೊಂದು ತನ್ನ ಲ್ಯಾಬನ್ನೂ ನಿಮ್ಮ ಜೊತೆ ಸೇರಿಸಿದರೆ ಆಗ ಗ್ರಿಡ್.

ತೊಗರಿ ಕೊಯ್ಲಿಗೆ ನಮ್ಮ ಕಡೆ ಮುಯ್ಯಾಳು ಹೋಗುತ್ತಾರಲ್ಲ, ಗ್ರಿಡ್ ಹಾಗೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕುಡುಗೋಲು ಅವರವರದೇ. ಕ್ಲೌಡ್ ಅಂದರೆ ರಾಶಿ ಮಷಿನ್ ಬಾಡಿಗೆಗೆ ಕರೆಸಿದ ಹಾಗೆ. ಮಷಿನ್ ಒಬ್ಬ ಮಾಲೀಕನದು. ಬೇಕಾದಾಗ ಕರೆಸಿ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕಳಿಸಿ.

ಸ್ವಿಟ್ಜರ್ಲೆಂಡಿನ ಸರ್ನ್ ಅನ್ನೋ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಕಣಗಳ ಡಿಕ್ಕಿಯಿಂದ ಬರುವ ಡೇಟಾ ಒಂದು ಕಡೆ ಅರೆದು ಮುಗಿಯುವಂಥದ್ದಲ್ಲ. 40ಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳು ಹಂಚಿಕೊಂಡು ಮಾಡುತ್ತವೆ. ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಕೂಡ ಅದರಲ್ಲಿದೆ. ಇದು ಅಸಲಿ ಗ್ರಿಡ್. ಇಲ್ಲಿ ಕೆಲಸ ಸರದಿಯಲ್ಲಿ ಕಾಯಬೇಕು, ಯಂತ್ರದ ಮಾಲೀಕರ ನಿಯಮ ಕೇಳಬೇಕು.

ಗ್ರಿಡ್‌ಗೂ ಕ್ಲೌಡ್‌ಗೂ ಇರುವ ನಂಟು ಗ್ರಿಡ್ ಅನ್ನೋ ಹೆಸರಲ್ಲೇ ಇದೆ. ಗ್ರಿಡ್ ಅನ್ನೋ ಪದ ಬಂದದ್ದು ವಿದ್ಯುತ್ ಗ್ರಿಡ್‌ನಿಂದ. ಪ್ಲಗ್ ಚುಚ್ಚಿದರೆ ಕರೆಂಟ್ ಸಿಗುವ ಹಾಗೆ ಕಂಪ್ಯೂಟರ್ ಶಕ್ತಿಯೂ ಸಿಗಬೇಕು ಅನ್ನೋದು 1990ರ ದಶಕದಲ್ಲಿ ಇಯಾನ್ ಫಾಸ್ಟರ್, ಕಾರ್ಲ್ ಕೆಸಲ್ಮನ್ ಮುಂತಾದ ಕಂಪ್ಯೂಟರ್ ವಿಜ್ಞಾನಿಗಳ ಆಸೆ. ಆದರೆ ಮೀಟರ್ ಇಟ್ಟು ಸಾಮಾನ್ಯರಿಗೂ ಮಾರಿದ್ದು ಕ್ಲೌಡ್‌ನವರು. ಅಮೆಜಾನ್ 2006ರಲ್ಲಿ ಇಸಿ2 ಅನ್ನೋ ಬಾಡಿಗೆ ಕಂಪ್ಯೂಟರ್ ಸೇವೆ ಶುರು ಮಾಡಿತು. ಒಂದು ದೊಡ್ಡ ಯಂತ್ರವನ್ನು ಸಾಫ್ಟ್‌ವೇರ್‌ನಿಂದಲೇ ಹಲವು ವರ್ಚುವಲ್ ಯಂತ್ರಗಳಾಗಿ ಸೀಳಿ ಬಾಡಿಗೆಗೆ ಕೊಡೋದು ಅದರ ಗುಟ್ಟು.

ಈಗ ನಿಮ್ಮ ಲೆಕ್ಕ. ಒಟ್ಟು 4320 ಫ್ರೇಮ್. ಒಂದೇ ಪಿಸಿಗೆ 15 ದಿನ. 30 ಪಿಸಿಗೆ ಹಂಚಿದರೆ ತಲಾ 144 ಫ್ರೇಮ್, 12 ಗಂಟೆ. ಒಂದು ಫ್ರೇಮಿಗೆ ಇನ್ನೊಂದರ ಹಂಗಿಲ್ಲ, ಅದಕ್ಕೇ ಇದು ಹಂಚೋಕೆ ಹೇಳಿ ಮಾಡಿಸಿದ ಕೆಲಸ. ನಡುವೆ ಕರೆಂಟ್ ಹೋದರೂ ಅರ್ಧಕ್ಕೆ ನಿಂತ ಫ್ರೇಮ್ ಮಾತ್ರ ಮತ್ತೆ ಮಾಡಬೇಕು. ಎಚ್‌ಟಿಕಾಂಡರ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಖಾಲಿ ಕೂತ ಪಿಸಿ ಹುಡುಕಿ ಕೆಲಸ ಕೊಡುತ್ತದೆ.

ಇದೇ ಕೆಲಸವನ್ನು 30 ಬಾಡಿಗೆ ಯಂತ್ರಗಳ ಮೇಲೂ ಓಡಿಸಬಹುದು. ಅಂದರೆ ಗ್ರಿಡ್ ರೀತಿಯ ಕೆಲಸ, ಕ್ಲೌಡ್ ಯಂತ್ರ. ಒಂದಿದ್ದರೆ ಇನ್ನೊಂದು ಇರಬಾರದು ಅಂತೇನಿಲ್ಲ. ಮುಗಿದ ಮೇಲೆ ಆಫ್ ಮಾಡೋದು ಮಾತ್ರ ಮರೀಬೇಡಿ. ನಾನು ಒಮ್ಮೆ ಶುಕ್ರವಾರ ಸಂಜೆ ಹಾಗೇ ಬಿಟ್ಟು ಊರಿಗೆ ಹೋಗಿದ್ದೆ. ಸೋಮವಾರ ಬಿಲ್ ನೋಡಿ ಬೆವರಿದೆ.

ಪ್ರಶ್ನೆ (ಯಾದಗಿರಿಯಿಂದ):
ಸರ್, ಮತ್ತೆ ರಿಸಲ್ಟ್ ದಿನ ವೆಬ್‌ಸೈಟ್‌ಗೆ ಜನ ಮುಗಿಬೀಳುತ್ತಾರಲ್ಲ, ಅಲ್ಲಿ ಯಾವುದು?

ಉತ್ತರ:
ಅಲ್ಲಿ ಕ್ಲೌಡ್ರೀ. 10 ಗಂಟೆಗೆ ದಿಢೀರನೆ ಯಂತ್ರ ಹೆಚ್ಚಿಸಬೇಕು, ಮಧ್ಯಾಹ್ನ ಇಳಿಸಬೇಕು. ಸರದಿಯಲ್ಲಿ ನಿಲ್ಲಿ ಅಂದರೆ ಮಕ್ಕಳು ಬಿಡ್ತಾರಾ?

ಪ್ರಶ್ನೆ (ಮೊದಲಿನ ವಿದ್ಯಾರ್ಥಿ):
ಥ್ಯಾಂಕ್ಸ್ ಸರ್. ಇವತ್ತು ರಾತ್ರಿನೇ 30ಕ್ಕೂ ಹಾಕಿಬಿಡ್ಲಾ?

ಉತ್ತರ:
ತಡೀರಿ. ಮೊದಲು ಲ್ಯಾಬ್ ನೋಡಿಕೊಳ್ಳೋರ ಒಪ್ಪಿಗೆ ತಗೊಳ್ಳಿ. ಎಲ್ಲ ಪಿಸಿಯಲ್ಲೂ ಬ್ಲೆಂಡರ್ ಒಂದೇ ವರ್ಷನ್ ಇದೆಯಾ ನೋಡಿ, ಇಲ್ಲದಿದ್ದರೆ ಗುಮ್ಮಟದ ಬಣ್ಣ ಫ್ರೇಮಿಗೊಂದು ಥರ ಬರಬಹುದು. ಇವತ್ತಿಗೆ 2 ಪಿಸಿ, 10 ಫ್ರೇಮ್ ಸಾಕು.