ಕಲಬುರಗಿಯನ್ನು ಉಣ್ಣುತ್ತಾ ನೋಡಬೇಕು, ಎಲ್ಲಿಂದ ಶುರು ಮಾಡಲಿ?

ಹಾಸನದ ಹುಡುಗಿ:
ಡಿಸೆಂಬರ್ ಕೊನೆಗೆ ಅಮ್ಮನ ಜೊತೆ ಕಲಬುರಗಿಗೆ ಬರುತ್ತಿದ್ದೇನೆ. ಒಂದೂವರೆ ದಿನ ಸಿಗುತ್ತದೆ. ಗೈಡ್ ಒಬ್ಬರಿಗೆ ಫೋನ್ ಮಾಡಿದ್ದೆ. ಕಾರಿನಲ್ಲಿ ಕೋಟೆ, ದರ್ಗಾ, ಬುದ್ಧ ವಿಹಾರ ಅಂತ ಪಟಪಟ ಹೇಳಿ, ಮಧ್ಯಾಹ್ನ ಎಸಿ ಹೋಟೆಲಿನಲ್ಲಿ ನಾರ್ತ್ ಇಂಡಿಯನ್ ಊಟ ಎಂದರು. ನನಗೆ ಅದು ಬೇಡ. ಊರಿನ ಹಳೇ ಭಾಗದಲ್ಲಿ ನಡೆಯಬೇಕು, ಅಲ್ಲಿನವರು ದಿನಾ ತಿನ್ನುವುದನ್ನೇ ತಿನ್ನಬೇಕು. ಅಮ್ಮ ಸಸ್ಯಾಹಾರಿ, ನಾನು ಎಲ್ಲ ತಿನ್ನುತ್ತೇನೆ. ಮುದ್ದೆ ಊರಿನವರು ನಾವು, ಜೋಳದ ರೊಟ್ಟಿ ಅಂದರೆ ಬೆಂಗಳೂರಿನಲ್ಲಿ ತಿಂದದ್ದಷ್ಟೇ. ಯಾವ ಹೊತ್ತಿಗೆ ಎಲ್ಲಿರಬೇಕು ಹೇಳ್ತೀರಾ?

ಬ್ರಹ್ಮಪುರದವ:
ಬರ್ರಿ, ಒಳ್ಳೇ ಕಾಲಕ್ಕೇ ಬರುತ್ತಿದ್ದೀರಿ. ಏಪ್ರಿಲ್ ಮೇನಲ್ಲಾದರೆ ನಡೆಯೋ ಮಾತೇ ಬೇಡ ಅನ್ನುತ್ತಿದ್ದೆ. ಬೆಳಿಗ್ಗೆ ಏಳಕ್ಕೇ ಸೂಪರ್ ಮಾರ್ಕೆಟ್ ಅನ್ನೋ ಬಜಾರಿನ ಕಡೆ ಬನ್ನಿ. ಮೊದಲು ಸುಸಲಾ, ಜೊತೆಗೆ ಬಿಸಿ ಮಿರ್ಚಿ ಭಜಿ. ಸುಸಲಾ ಅಂದರೆ ಚುರುಮುರಿಯನ್ನು (ಮಂಡಕ್ಕಿ) ನೀರಿಗೆ ಹಾಕಿ ತಕ್ಷಣ ಹಿಂಡಿ, ಉಳ್ಳಾಗಡ್ಡಿ ಒಗ್ಗರಣೆ ಕೊಟ್ಟು, ಮೇಲೆ ಪುಠಾಣಿ (ಹುರಿಗಡಲೆ) ಪುಡಿ ಉದುರಿಸಿರುತ್ತಾರೆ. ಅಮ್ಮನಿಗೆ ಖಂಡಿತ ಹಿಡಿಸುತ್ತದೆ.

ಅಲ್ಲಿಂದ ಬಿಸಿಲೇರುವ ಮೊದಲೇ ಕೋಟೆಗೆ ಹೋಗಿ. ಒಳಗಿನ ಜಾಮಾ ಮಸೀದಿ 1367ರದ್ದು. ಬೇರೆ ಕಡೆ ಮಸೀದಿಗೆ ದೊಡ್ಡ ತೆರೆದ ಅಂಗಳ ಇರುತ್ತದಲ್ವಾ, ಇಲ್ಲಿ ಅದಿಲ್ಲ. ಪೂರ್ತಿ ಗುಮ್ಮಟಗಳ ಕೆಳಗೇ ಇದೆ. ಹೊರಗೆ ಬಿಸಿಲಲ್ಲಿ ಬೆಂದು ಒಳಗೆ ಹೆಜ್ಜೆ ಇಟ್ಟಾಗ ಆ ತಂಪು ಏನು ಅಂತ ಗೊತ್ತಾಗುತ್ತದೆ. ಕಮಾನಿನ ಸಾಲು ಒಂದರೊಳಗೆ ಒಂದು ಕಾಣುವ ಹಾಗೆ ನಿಂತು ನೋಡಿ, ಅವಸರ ಮಾಡಬೇಡಿ. 1347ರಲ್ಲಿ ಬಹಮನಿ ಸುಲ್ತಾನರು ರಾಜಧಾನಿ ಮಾಡಿಕೊಂಡ ಊರು ಇದು, ಆಮೇಲೆ ಅವರು ಬೀದರಿಗೆ ಹೋದರು.

ಸಂಜೆ ಶರಣಬಸವೇಶ್ವರ ಗುಡಿ, ಪಕ್ಕದಲ್ಲೇ ಅಪ್ಪನ ಕೆರೆ. ಶರಣಬಸವೇಶ್ವರರು (1746-1822) ಅರಳಗುಂಡಗಿಯಿಂದ ಬಂದವರು. ಹೊಲದಲ್ಲಿ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ, ಅವಕ್ಕೆ ಕುಡಿಯಲು ನೀರಿಟ್ಟರು ಅಂತ ಇಲ್ಲಿ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಅವರ ಹೆಸರು ಉಳಿದಿರುವುದೇ ದಾಸೋಹದಿಂದ. ಊಟದ ಮೂಲಕ ಊರು ನೋಡಬೇಕು ಅಂದಿರಲ್ಲ, ಈ ಗುಡಿ ಬಿಟ್ಟರೆ ಆ ನೋಟ ಅರ್ಧವೇ.

ಚಿತ್ತಾಪುರದ ಅಕ್ಕ:
ಅಣ್ಣಾ, ಮಧ್ಯಾಹ್ನದ ಊಟ ಬಿಟ್ಟೇಬಿಟ್ಟಿರಲ್ಲ! ಹುಡುಗಿ ಬರುತ್ತಿರುವುದೇ ಅದಕ್ಕೆ.

ತಂಗಿ, ಖಾನಾವಳಿ ಆರಿಸುವಾಗ ಬೋರ್ಡ್ ನೋಡಬೇಡ, ಕಿವಿಗೊಟ್ಟು ಕೇಳು. ಒಳಗಿಂದ ರೊಟ್ಟಿ ಬಡಿಯೋ ಸಪ್ಪಳ ಬರಬೇಕು. ಬಂದರೆ ಕೂತುಕೋ. ಆಗುವುದಾದರೆ ಕೇಳಿಕೊಂಡು ಅಡಿಗೆ ಮನೆ ಬಾಗಿಲಲ್ಲಿ ನಿಂತು ನೋಡು. ಜೋಳದ ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯೋ ನೀರು ಹಾಕುತ್ತಾರೆ. ಗೋಧಿ ಹಿಟ್ಟಿನ ಹಾಗೆ ಇದಕ್ಕೆ ಜಿಗುಟು ಇಲ್ಲ, ಬಿಸಿನೀರೇ ಅದನ್ನು ಹಿಡಿದಿಡೋದು. ಅಂಗೈಯಿಂದ ಚೆನ್ನಾಗಿ ನಾದಿ, ತಟ್ಟುತ್ತಾ ತಟ್ಟುತ್ತಾ ತಿರುಗಿಸುತ್ತಾರೆ, ಅಂಚು ಒಡೆಯಲ್ಲ. ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆ ಎಳೆಯುತ್ತಾರೆ, ಮಗುಚಿ ಬೆಂಕಿಗೆ ಹಿಡಿದರೆ ಉಬ್ಬುತ್ತದೆ. ಆ ಬಿಸಿ ರೊಟ್ಟಿಗೆ ಎಣ್ಣೆಗಾಯಿ, ಪುಂಡಿಪಲ್ಯ (ಗೋಂಗುರ ಸೊಪ್ಪಿನದು), ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ಹಸಿ ಉಳ್ಳಾಗಡ್ಡಿ. ಬೇಳೆ ಬಡಿಸಿದರೆ ಬೇಡ ಅನ್ನಬೇಡ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಅಂದರೆ ಈ ಸೀಮೆಯದ್ದೇ ಅಂತ ಸರ್ಕಾರ ಕೊಡೋ ಗುರುತು. ನಮ್ಮ ಕರಿಮಣ್ಣಿನ ರುಚಿ ಅದು, ನಾಲಿಗೆಗೆ ಗೊತ್ತಾಗುತ್ತದೆ.

ಇನ್ನೊಂದು, ಎಳ್ಳಮಾವಾಸ್ಯೆ ಯಾವಾಗ ಅಂತ ಕ್ಯಾಲೆಂಡರ್ ನೋಡಿಕೋ. ಕೆಲವು ವರ್ಷ ಡಿಸೆಂಬರಿನಲ್ಲೇ ಬರುತ್ತದೆ. ಅವತ್ತು ಊರಿಗೆ ಊರೇ ಹೊಲಕ್ಕೆ ಹೋಗಿರುತ್ತದೆ, ರಸ್ತೆಯೆಲ್ಲ ಖಾಲಿ, ಎಷ್ಟೋ ಅಂಗಡಿ ಮುಚ್ಚಿರುತ್ತವೆ. ಆದರೆ ಯಾರಾದರೂ ಹೊಲಕ್ಕೆ ಕರೆದರೆ ಎಲ್ಲ ಪ್ಲಾನ್ ಬಿಟ್ಟು ಹೋಗು. ಹಸಿ ತೊಗರಿ, ಕಡಲೆ, ಅವರೆ, ಮೆಂತ್ಯ, ಬದನೆಕಾಯಿ ಎಲ್ಲ ಸೇರಿಸಿ ಮಜ್ಜಿಗೆಯಲ್ಲಿ ಕಡಲೆಹಿಟ್ಟು ಕದಡಿ ಮಾಡಿದ ಭಜ್ಜಿ ಪಲ್ಯ, ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಅದು ಹೋಟೆಲಿನಲ್ಲಿ ಸಿಕ್ಕರೂ ಹೊಲದ ರುಚಿ ಬರಲ್ಲ.

ದರ್ಗಾ ರೋಡಿನವ:
ಎಲ್ಲ ಸರಿ, ತಹರಿ ಎಲ್ಲಿ? ಎರಡನೇ ದಿನ ಬೆಳಿಗ್ಗೆ ಅದಕ್ಕೇ ಇಡಿ. ಹಳದಿ ಅನ್ನ, ಮಾಂಸ ಅದರಲ್ಲೇ ಬೆಂದಿರುತ್ತದೆ, ಬಿರಿಯಾನಿಯಷ್ಟು ಮಸಾಲೆ ಇಲ್ಲ, ಹೊಟ್ಟೆಗೆ ಹಗುರ. ಕೆಲಸಕ್ಕೆ ಹೋಗುವವರು ನಿಂತುಕೊಂಡೇ ತಿಂದು ಹೋಗುವ ನಾಷ್ಟಾ ಇದು, ತಡ ಮಾಡಿದರೆ ಹಂಡೆ ಖಾಲಿ. ಆಮೇಲೆ ಸೂಫಿ ಸಂತ ಬಂದೇ ನವಾಜರ ದರ್ಗಾಕ್ಕೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಅವರು 1422ರಲ್ಲಿ ತೀರಿಕೊಂಡರು, ಇವತ್ತಿಗೂ ಎಲ್ಲ ಜಾತಿ ಧರ್ಮದವರು ಬರುತ್ತಾರೆ, ಯಾರೂ ಯಾರನ್ನೂ ಕೇಳಲ್ಲ. ತಲೆ ಮೇಲೆ ಸೆರಗು ಇರಲಿ. ವಾಪಸ್ ಬರುವಾಗ ಖೋವಾದ ಮಾಲ್‌ಪುರಿ ಕಟ್ಟಿಸಿಕೊಳ್ಳಿ.

ಗೈಡ್ ವಿಚಾರಕ್ಕೆ ಬಂದರೆ, ಹಳೇ ಊರಿನಲ್ಲೇ ಹುಟ್ಟಿ ಬೆಳೆದವರನ್ನು ಕೇಳಿ. "ನೀವು ಬೆಳಿಗ್ಗೆ ಏನು ತಿಂತೀರಿ" ಅಂತ ಮೊದಲು ಫೋನಿನಲ್ಲೇ ಕೇಳಿ. ಉತ್ತರ ಕೊಡಲು ಯೋಚನೆ ಮಾಡಿದರೆ ಬೇರೆಯವರನ್ನು ನೋಡಿ. ಕನ್ನಡ, ದಖನಿ (ಇಲ್ಲಿನ ಉರ್ದು) ಎರಡೂ ಬಂದರೆ ಅರ್ಧ ಕೆಲಸ ಆಯಿತು.

ಹಾಸನದ ಹುಡುಗಿ:
ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಹಕ್ಕಿಗಳಿಗೆ ನೀರಿಟ್ಟ ಕಥೆಯನ್ನು ಇನ್ನೊಮ್ಮೆ ಓದು ಎಂದರು. ಅಕ್ಕಾ, ಊರಿಗೆ ತರೋಕೆ ಏನಾದರೂ?

ಚಿತ್ತಾಪುರದ ಅಕ್ಕ:
ಖಡಕ್ ರೊಟ್ಟಿ ತಗೋ ತಂಗಿ, ವಾರಗಟ್ಟಲೆ ಇರುತ್ತದೆ. ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ಮೇಲ್ಗಡೆ ಇಡು, ಇಲ್ಲದಿದ್ದರೆ ರೈಲಿನಲ್ಲಿ ಪುಡಿಯಾಗುತ್ತದೆ. ಶೇಂಗಾ ಹಿಂಡಿ ಅರ್ಧ ಕಿಲೋ ಸಾಕು, ಜೊತೆಗೆ ಒಂದೆರಡು ಕಿಲೋ ತೊಗರಿಬೇಳೆ.