ಆಗಿನ ಟಿ.ವಿ. ನಾಟಕಗಳು ನಿಜವಾಗಲೂ ಲೈವಾ?

ತುಮಕೂರು ವಿದುರ:
ನಮ್ಮೂರಲ್ಲಿ ಈ ಸಲ ಕುರುಕ್ಷೇತ್ರ ನಾಟಕ ಇದೆ. ಪ್ರಾಕ್ಟೀಸ್ ಮುಗಿಸಿ ಟೀ ಕುಡಿಯುತ್ತಿದ್ದಾಗ ಒಬ್ಬರು ಹೇಳಿದರು, ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಇಂಗ್ಲೆಂಡ್, ಅಮೆರಿಕದ ಟಿ.ವಿ.ಯಲ್ಲಿ ನಾಟಕಗಳು ಲೈವ್ ಬರುತ್ತಿದ್ದವಂತೆ. ರೆಕಾರ್ಡ್ ಮಾಡಿ ಹಾಕಿದ್ದರೆ ಸುಲಭ ಅಲ್ವಾ? ಮಾತು ಮರೆತರೆ ಏನು ಗತಿ? ನಮಗಾದರೆ ಹಾರ್ಮೋನಿಯಂ ಮೇಷ್ಟ್ರು ಇದ್ದಾರೆ, ಹೇಗೋ ದಡ ಹತ್ತಿಸುತ್ತಾರೆ.

ಗುಬ್ಬಿ ಗೇಟ್:
ರೆಕಾರ್ಡ್ ಮಾಡೋಕೆ ಟೇಪ್ ಇರಬೇಕಲ್ಲ ಸಾರ್! ಆಂಪೆಕ್ಸ್ ಕಂಪನಿ ವಿಡಿಯೋ ಟೇಪ್ ಯಂತ್ರ ತಂದಿದ್ದೇ 1956ರಲ್ಲಿ. ಅದಕ್ಕೂ ಮುಂಚೆ ಟಿ.ವಿ. ಪರದೆ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಶೂಟ್ ಮಾಡುತ್ತಿದ್ದರು, ಚಿತ್ರ ಮಸುಕು ಮಸುಕು. ಬಿಬಿಸಿಯವರದು ಇನ್ನೂ ಮಜಾ. ಭಾನುವಾರದ ನಾಟಕ ಗುರುವಾರ ಮತ್ತೆ ಬರುತ್ತಿತ್ತು, ಆದರೆ ಮರುಪ್ರಸಾರ ಅಂದರೆ ಅದೇ ಕಲಾವಿದರು ಮತ್ತೆ ಬಣ್ಣ ಹಚ್ಚಿಕೊಂಡು ಮೊದಲಿಂದ ಕೊನೆವರೆಗೆ ಆಡುವುದು! 1954ರ ಡಿಸೆಂಬರ್ 12ಕ್ಕೆ ಜಾರ್ಜ್ ಆರ್ವೆಲ್ ಅವರ ಕಾದಂಬರಿ ‘ನೈಂಟೀನ್ ಎಯ್ಟಿ ಫೋರ್’ ಅನ್ನು ನಾಟಕ ಮಾಡಿ ಹಾಕಿದಾಗ, ಅದರಲ್ಲಿನ ಹಿಂಸೆ ನೋಡಿ ಜನ ಬೈದರು, ಗಲಾಟೆ ಪಾರ್ಲಿಮೆಂಟ್ ತನಕ ಹೋಯಿತು. ಆದರೂ ನಾಯಕ ನಟ ಪೀಟರ್ ಕುಶಿಂಗ್ ಮತ್ತು ತಂಡ 16ಕ್ಕೆ ಮತ್ತೆ ಆಡಿತು. ಇವತ್ತು ಉಳಿದಿರೋದು ಆ ಗುರುವಾರದ ಆಟ ಮಾತ್ರ, ಭಾನುವಾರದ್ದು ಗಾಳಿಗೆ ಹೋಯಿತು.

ಕೋಲಾರದವನು:
ಮಾತು ಮರೆತರೆ ಅಂತ ಕೇಳಿದಿರಲ್ಲ, ಬಿಬಿಸಿ ಸ್ಟುಡಿಯೋದಲ್ಲಿ ಮಾತು ಹೇಳಿಕೊಡುವವರ ಕೈಯಲ್ಲಿ ಒಂದು ಬಟನ್ ಇರುತ್ತಿತ್ತು. ಒತ್ತಿದರೆ ಸೌಂಡ್ ಕಟ್. ಅಷ್ಟರಲ್ಲಿ ಮಾತು ಹೇಳಿಕೊಡಬೇಕು, ಮನೆಯಲ್ಲಿ ಕೂತವರು ನಮ್ಮ ಸೆಟ್ಟೇ ಕೆಟ್ಟಿತೇನೋ ಅಂದುಕೊಳ್ಳಬೇಕು! ದೃಶ್ಯದ ಸೆಟ್ಟುಗಳೆಲ್ಲ ಪಕ್ಕಪಕ್ಕದಲ್ಲೇ. ಕ್ಯಾಮೆರಾ ಇನ್ನೊಬ್ಬರ ಮೇಲಿದ್ದಾಗ ನಟ ಕೇಬಲ್ ದಾಟಿಕೊಂಡು ಓಡಬೇಕು.
ಎಲ್ಲ ಸಲ ನಗುವ ವಿಷಯ ಆಗಿರಲಿಲ್ಲ. 1958ರಲ್ಲಿ ಇಂಗ್ಲೆಂಡಿನ ಖಾಸಗಿ ಚಾನೆಲ್ ಐಟಿವಿಯ ‘ಅಂಡರ್‌ಗ್ರೌಂಡ್’ ನಾಟಕ ನಡೆಯುತ್ತಿದ್ದಾಗಲೇ ಗ್ಯಾರೆತ್ ಜೋನ್ಸ್ ಎಂಬ ನಟ ಎರಡು ದೃಶ್ಯಗಳ ನಡುವೆ ಕುಸಿದು ತೀರಿಕೊಂಡರು. ಉಳಿದವರು ಅವರಿಲ್ಲದೆಯೇ ಹೇಗೋ ಸರಿದೂಗಿಸಿ ಮುಗಿಸಿದರು. ನನ್ನ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕಿತ್ತು.

ತುಮಕೂರು ವಿದುರ:
ಅಯ್ಯೋ. ಹಾಗಾದರೆ ಯುದ್ಧ, ರಥ, ಸೈನ್ಯ ಇರೋ ಕಥೆ ಎಲ್ಲಾ ಆಗದ ಮಾತು?

ಗುಬ್ಬಿ ಗೇಟ್:
ಕಷ್ಟವೇ. ಅದಕ್ಕೇ ಒಂದು ಕೋಣೆ, ನಾಲ್ಕು ಜನ, ಜಾಸ್ತಿ ಮಾತು. ಅಮೆರಿಕದಲ್ಲಿ ರೆಜಿನಾಲ್ಡ್ ರೋಸ್ ಬರೆದ ‘ಟ್ವೆಲ್ವ್ ಆಂಗ್ರಿ ಮೆನ್’ 1954ರಲ್ಲಿ ಲೈವ್ ಟಿ.ವಿ. ನಾಟಕವಾಗಿಯೇ ಬಂದಿದ್ದು, ಸಿನಿಮಾ ಆಗಿದ್ದು 1957ರಲ್ಲಿ. ಹನ್ನೆರಡು ಜನ ಕೋಣೆಯೊಳಗೆ ಕೂತು ಜಗಳ ಆಡೋದು, ಅಷ್ಟೇ ಕಥೆ. ಸಿನಿಮಾ ನೋಡಿ, ಯೂಟ್ಯೂಬಲ್ಲಿ ಸಿಕ್ಕರೆ ನಾಟಕವನ್ನೂ ನೋಡಿ.